ಎದೆಯ ಮೇಲಿನ ಕಬ್ಬಿಣ

ನಾವು ಕಳಂಬೋಲಿಯ ಕಬ್ಬಿಣದವರು. ಇಲ್ಲಿನ ಉಕ್ಕಿನ ಮಾರುಕಟ್ಟೆಯಲ್ಲಿ ಕಬ್ಬಿಣವನ್ನು ಟನ್ನಿನಲ್ಲಿ ತೂಗುತ್ತಾರೆ. ಅದನ್ನು ಎದೆಯ ಮೇಲೆ ಧರಿಸಿ ಬೀಗಿದವರೂ ಇದ್ದರೆಂದರೆ ನಮ್ಮ ಹುಡುಗ ನಂಬಲೊಲ್ಲ. ಅವನ ಆಟದ ಜರ್ಮನ್ ವಿಮಾನದ ರೆಕ್ಕೆಯ ಮೇಲಿದ್ದ ಕಪ್ಪು ಶಿಲುಬೆಯಿಂದ ಮಾತು ಹುಟ್ಟಿತು.

1813ರಲ್ಲಿ ಪ್ರಷ್ಯ ನೆಪೋಲಿಯನ್ನನ ಮೇಲೆ ಎದ್ದಾಗ ಬೊಕ್ಕಸ ಬರಿದಾಗಿತ್ತು. ದೊರೆ ಮೂರನೆಯ ಫ್ರೆಡರಿಕ್ ವಿಲ್ಹೆಲ್ಮ್ ತಾನೇ ಗೀಚಿದ ಚಿತ್ರವನ್ನು ವಾಸ್ತುಶಿಲ್ಪಿ ಶಿಂಕೆಲ್ ತಿದ್ದಿಕೊಟ್ಟ. ಎರಕದ ಕಪ್ಪು ಕಬ್ಬಿಣ, ಸುತ್ತ ಬೆಳ್ಳಿಯ ಅಂಚು; ಅಷ್ಟೇ. ಸಾಮಾನ್ಯ ಸಿಪಾಯಿಯೂ ಪಡೆಯಬಹುದಾಗಿತ್ತು. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ. 1870ರಲ್ಲಿ, 1914ರಲ್ಲಿ ಮತ್ತೆ ಬಂತು. 1939ರಲ್ಲಿ ಹಿಟ್ಲರ್ ನಡುವೆ ತನ್ನ ಸ್ವಸ್ತಿಕ ಒತ್ತಿಸಿದ. ಅದನ್ನು ತೆಗೆದ ಪದಕವನ್ನಷ್ಟೇ ಹಳೆಯ ಸೈನಿಕರು ಧರಿಸಬಹುದೆಂದು 1957ರಲ್ಲಿ ಪಶ್ಚಿಮ ಜರ್ಮನಿ ಕಾನೂನು ಮಾಡಿತು.

“ನಮ್ಮದು ಚಿನ್ನದ್ದೇ?” ಎಂದ ಹುಡುಗ. ಅಲ್ಲ, ಪರಮವೀರ ಚಕ್ರ ಕಂಚು. ಸ್ವಿಸ್ ಮೂಲದ ಸಾವಿತ್ರಿ ಖಾನೋಲ್ಕರ್ ಅದರಲ್ಲಿ ಇಂದ್ರನ ವಜ್ರಾಯುಧವನ್ನು ನಾಲ್ಕು ಸಲ ಮೂಡಿಸಿದರು. ನಮ್ಮ ಕಾರವಾರದ ಚೆಂಡಿಯಾ ಮೂಲದ ರಾಮ ರಾಘೋಬ ರಾಣೆಯವರು 1948ರ ಏಪ್ರಿಲ್‌ನಲ್ಲಿ ರಜೌರಿಯ ದಾರಿಯಲ್ಲಿ ಹುದುಗಿಸಿದ್ದ ಸಿಡಿಗುಂಡುಗಳನ್ನು ತೆಗೆದು, ಟ್ಯಾಂಕುಗಳಿಗೆ ಹಾದಿ ಮಾಡಿ ಅದನ್ನು ಗಳಿಸಿದರು.

ಒಂದು ಮಾತು ಉಳಿದಿತ್ತು. 1813ರ ಆ ಯುದ್ಧಕ್ಕಾಗಿ ಪ್ರಷ್ಯದ ಹೆಂಗಸರು ಚಿನ್ನದ ಒಡವೆ ಕೊಟ್ಟು, ಬದಲಿಗೆ ಕಬ್ಬಿಣದ್ದನ್ನು ತೊಟ್ಟರು. ಅದನ್ನು ಹೇಳಬಾರದಿತ್ತೇನೋ. ಇಲ್ಲಿ ಅಂಗಡಿ ಹಿಡಿಯುವಾಗ ನಮ್ಮಾಕೆಯ ನಾಲ್ಕು ಬಳೆ ಮಾರಿದ್ದೆವು, ಇನ್ನೂ ಮಾಡಿಸಿಕೊಟ್ಟಿಲ್ಲ.

ಅಕ್ಕಿ ಆರಿಸುತ್ತಿದ್ದವಳು ತಲೆಯೆತ್ತದೆ, “ಅವರಿಗೆ ಕಬ್ಬಿಣದ್ದಾದರೂ ಕೊಟ್ಟರಲ್ಲ,” ಎಂದಳು.