ಸುಣ್ಣಕಲ್ಲಿನ ಅಂಚಿನಲ್ಲಿ

ಕಿಟಕಿ ನಾಲ್ಕು ಬೆರಳು ಇಳಿಸಿ. ಮೊದಲು ನೀಲಗಿರಿ ಎಲೆಯ ಘಾಟು ನುಗ್ಗುತ್ತದೆ, ಅದರ ಬೆನ್ನಿಗೇ ಉಪ್ಪು. ಲಾರ್ನ್ ದಾಟಿ ಅಪೋಲೊ ಬೇ ಕಡೆಗೆ ಹೊರಟಿದ್ದೀರಿ. ಆಸ್ಟ್ರೇಲಿಯಾದ ಗ್ರೇಟ್ ಓಷನ್ ರೋಡ್ ಇಲ್ಲಿ ಗುಡ್ಡದ ಪಕ್ಕೆಗೆ ಅಂಟಿಕೊಂಡೇ ಸಾಗುತ್ತದೆ. ನಮ್ಮಲ್ಲಿಯಂತೆ ಇಲ್ಲೂ ಎಡಬದಿಯ ಸಂಚಾರ; ಈ ದಿಕ್ಕಿನಲ್ಲಿ ಹೋಗುವವರಿಗೆ ಕಡಲೂ ಎಡಕ್ಕೇ. ಪ್ರಪಾತದ ಪಕ್ಕದ ದಾರಿಯೇ ನಿಮ್ಮ ಪಾಲಿಗೆ ಬಂದಿದೆ. ಎಡ ಸೀಟಿನಲ್ಲಿ ಕೂತ ಗೆಳೆಯ ಆಗಲೇ ಮಾತು ನಿಲ್ಲಿಸಿದ್ದಾನೆ. ಅವನ ಕಿಟಕಿಯಲ್ಲಿ ನೆಲವೇ ಇಲ್ಲ.

ತಿರುವು. ಮತ್ತೊಂದು ತಿರುವು. ಎದುರಿನಿಂದ ಕಾರವಾನ್ ಎಳೆದುಕೊಂಡು ಬರುತ್ತಿರುವ ಗಾಡಿ ನಡುಗೆರೆಯನ್ನು ಮೆಟ್ಟುತ್ತದೆ. ಎಡಕ್ಕೆ ಸರಿಯಬೇಕೆ? ಎಡಕ್ಕಿರುವುದು ಮೊಳಕಾಲೆತ್ತರದ ತಡೆ, ಅದರಾಚೆ ಬರೀ ಗಾಳಿ. ಪಾದ ಬ್ರೇಕಿಗಿಳಿಯುತ್ತದೆ. ಅಂಗೈ ಬೆವರುತ್ತದೆ. ಗಾಡಿ ಹಾದುಹೋಗುತ್ತದೆ, ಅದು ಎಬ್ಬಿಸಿದ ಗಾಳಿಗೆ ನಿಮ್ಮ ಕಾರು ಒಮ್ಮೆ ಅಲುಗುತ್ತದೆ. ಆಮೇಲಷ್ಟೇ ಉಸಿರು.

ಬಲಗಡೆಯ ಬಂಡೆಗೋಡೆ ನೋಡಿ, ಒಂದೇ ಕ್ಷಣ. ಮೊದಲ ಮಹಾಯುದ್ಧದಿಂದ ಮರಳಿದ ಸುಮಾರು 3,000 ಸೈನಿಕರು 1919ರಿಂದ ಪಿಕಾಸಿ, ಸಲಿಕೆ, ಸಿಡಿಮದ್ದು ಹಿಡಿದು ಇದನ್ನು ಕಡಿದರು. ಫಿರಂಗಿಯ ಸದ್ದು ಕೇಳಿ ಕೇಳಿ ಬಂದ ಕಿವಿಗಳಿಗೆ ಇಲ್ಲೂ ಸಿಡಿತವೇ. 1932ರಲ್ಲಿ ಮುಗಿದ ಈ ರಸ್ತೆ, ಮರಳಿ ಬಾರದ ಜೊತೆಗಾರರಿಗೆ ಅವರು ಕಟ್ಟಿದ ಸ್ಮಾರಕ. ಇದು ಗೊತ್ತಾದ ಮೇಲೆ ನಿಮ್ಮ ವೇಗ ತಾನಾಗಿ ತಗ್ಗುತ್ತದೆ.

ಅಪೋಲೊ ಬೇ ಆದಮೇಲೆ ರಸ್ತೆ ಕಡಲನ್ನು ಬಿಟ್ಟು ಆಟ್ವೇ ಕಾಡಿಗೆ ಹೊಗುತ್ತದೆ. ತಂಪು, ಜರೀಗಿಡ, ನೆರಳು. ಕಾಡು ಕಳೆದು ಮತ್ತೆ ಕಡಲು ಕಂಡಾಗ ಭೂಮಿಯ ಬಣ್ಣವೇ ಬದಲಾಗಿದೆ: ಹಳದಿ, ಪದರ ಪದರವಾದ ಸುಣ್ಣಕಲ್ಲು. ನೀರಿನ ನಡುವೆ ಒಂಟೊಂಟಿಯಾಗಿ ನಿಂತಿರುವ ಕಂಬಗಳೇ ಟ್ವೆಲ್ವ್ ಅಪೋಸಲ್ಸ್. ಹೆಸರಿಗೆ ಹನ್ನೆರಡು, ಈಗ ಇರುವುದು ಎಂಟು. 2005ರ ಜುಲೈಯಲ್ಲಿ ಸುಮಾರು 50 ಮೀಟರ್ ಎತ್ತರದ ಕಂಬವೊಂದು ಕ್ಷಣಾರ್ಧದಲ್ಲಿ ಕುಸಿಯಿತು. ಅಂಟಾರ್ಕ್ಟಿಕಾದವರೆಗೆ ಯಾವ ನೆಲವೂ ಅಡ್ಡವಿಲ್ಲದ ಸಾಗರ ಇದು. ಅಲೆಗಳು ಪೂರ್ತಿ ಬಲದಿಂದಲೇ ಬಂದು ಬಡಿಯುತ್ತವೆ. ಚಾಚಿದ ನೆಲದಲ್ಲಿ ಗುಹೆ ಕೊರೆಯುತ್ತವೆ, ಗುಹೆ ತೂತಾಗಿ ಕಮಾನಾಗುತ್ತದೆ, ಕಮಾನು ಬಿದ್ದು ಕಂಬ ಉಳಿಯುತ್ತದೆ, ಕೊನೆಗೆ ಕಂಬವೂ ಬೀಳುತ್ತದೆ.

ಇನ್ನು ಲಾಕ್ ಆರ್ಡ್ ಕೊರಕಲಿಗೆ ಇಳಿಯಿರಿ. ಅವಸರ ಬೇಡ, ಮೆಟ್ಟಿಲ ಮೇಲೆ ಮರಳಿದೆ. ಎರಡು ಕಡೆಯೂ ಕಡಿದಾದ ಗೋಡೆ, ಎದುರಿಗೆ ಕಡಲಿನ ಇಕ್ಕಟ್ಟಾದ ಬಾಯಿ. ಅಲೆಯ ಗುದ್ದು ಕಿವಿಗಿಂತ ಮೊದಲು ಅಂಗಾಲಿಗೆ ತಿಳಿಯುತ್ತದೆ. ಕೊಳೆತ ಪಾಚಿಯ ವಾಸನೆ. ನೊರೆ ಹರಿದು ಬಂದು ಕಣಕಾಲು ಹಿಡಿಯುತ್ತದೆ, ಮೂಳೆ ಜುಮ್ಮೆನ್ನುವಷ್ಟು ತಣ್ಣಗೆ.

ಈಗ ಈ ನೀರಿನಲ್ಲಿ ನೀವು ಕುತ್ತಿಗೆವರೆಗೆ ಮುಳುಗಿದ್ದೀರಿ. 1878ರ ಜೂನ್ 1, ಇಲ್ಲಿಯ ಚಳಿಗಾಲ. ನಿಮಗೆ ಹದಿನೆಂಟು, ಹೆಸರು ಟಾಮ್ ಪಿಯರ್ಸ್. ಇಂಗ್ಲೆಂಡಿನಿಂದ ಮೆಲ್ಬರ್ನ್‌ಗೆ ಹೊರಟ ಲಾಕ್ ಆರ್ಡ್ ಹಡಗಿನಲ್ಲಿ ಕೆಲಸ ಕಲಿಯುತ್ತಿರುವ ಹುಡುಗ. ಬೆಳಗಾಗುವ ಮುನ್ನ ಮಂಜು ಸರಿದಾಗ ಎದುರಿಗಿದ್ದದ್ದು ಬಂಡೆಗೋಡೆ. ಲಂಗರು ಹಿಡಿಯಲಿಲ್ಲ. ಹಡಗು ಒಡೆಯಿತು. ಮಗುಚಿದ ದೋಣಿಗೆ ಜೋತುಬಿದ್ದು ಈ ಕೊರಕಲಿನೊಳಗೆ ಬಂದಿದ್ದೀರಿ. ಕಾಲಿಗೆ ಮರಳು ಸಿಗುತ್ತದೆ. ತೆವಳುತ್ತೀರಿ. ಬದುಕಿದ್ದೀರಿ.

ಆಗ ಒಂದು ಕೂಗು. ಹೆಣ್ಣು ದನಿ, ನೀರಿನ ಕಡೆಯಿಂದ.

ಕೈಕಾಲಿನಲ್ಲಿ ಕಸುವಿಲ್ಲ. ಬಿದ್ದಲ್ಲೇ ಮಲಗಿದರೆ ಕೇಳುವವರು ಯಾರೂ ಇಲ್ಲ, ನೋಡಿದವರೂ ಇಲ್ಲ. ಆ ಹುಡುಗ ಮತ್ತೆ ನೀರಿಗಿಳಿದ. ಈಜು ಬಾರದೆ, ಹಡಗಿನ ಮುರಿದ ಮರ ಹಿಡಿದು ತೇಲುತ್ತಿದ್ದ ಈವಾ ಕಾರ್ಮೈಕೇಲ್‌ಳನ್ನು ದಡಕ್ಕೆಳೆದು ತಂದ. ಗುಹೆಯಲ್ಲಿ ಮಲಗಿಸಿ, ಅಲೆ ತಂದೆಸೆದ ಬ್ರಾಂದಿ ಕುಡಿಸಿ, ಗೋಡೆ ಹತ್ತಿ ಜನರನ್ನು ಹುಡುಕಿಕೊಂಡು ಹೋದ. ಹಡಗಿನಲ್ಲಿದ್ದ 54 ಮಂದಿಯಲ್ಲಿ ಉಳಿದವರು ಇವರಿಬ್ಬರೇ. ಈವಾ ಜೊತೆಗೆ ಬಂದಿದ್ದ ತಂದೆ, ತಾಯಿ, ಒಡಹುಟ್ಟಿದವರು ಕಡಲ ಪಾಲಾದರು. ಇಬ್ಬರ ಮದುವೆಯಾದೀತೆಂದು ಜನ ಆಸೆಪಟ್ಟರು; ಈವಾ ಐರ್ಲೆಂಡಿಗೆ ಮರಳಿದಳು. ಅವಳು ಬೇರೇನು ಮಾಡಬೇಕಿತ್ತು? ದಿನವೂ ಈ ಕಡಲ ಸದ್ದು ಕೇಳುತ್ತಾ ಬದುಕು ಎಂದು ಅವಳಿಗೆ ಹೇಳಲು ನನಗೆ ಬಾಯಿ ಬಾರದು.

ಸಂಜೆಗೆ ಪೋರ್ಟ್ ಕ್ಯಾಂಪ್‌ಬೆಲ್ ದಾಟಿ ಕೊನೆಯ ಕಮಾನಿಗೆ ಬರುತ್ತೀರಿ. ಗಾಳಿ ಜಾಕೆಟ್ಟನ್ನು ಪಟಪಟನೆ ಬಡಿಯುತ್ತಿದೆ. ಫೋನ್ ತೆಗೆಯುವಷ್ಟರಲ್ಲಿ ಗೆಳೆಯ ಪಕ್ಕದಲ್ಲಿಲ್ಲ. ಬೇಲಿಯಾಚೆ ಹುಲ್ಲಿನ ಮೇಲೆ, ಅಂಚಿಗೆ ಮೂರೇ ಹೆಜ್ಜೆ ದೂರದಲ್ಲಿ, ಬೆನ್ನು ಕಡಲಿಗೆ ಮಾಡಿ ನಿಂತಿದ್ದಾನೆ. ಆ ಹುಲ್ಲಿನ ಅಡಿ ಕಲ್ಲಿದೆಯೋ ಪೊಳ್ಳೋ, ಮೇಲಿನಿಂದ ಕಾಣುವುದಿಲ್ಲ. ಎದೆ ಢವಗುಟ್ಟುತ್ತದೆ. ಕಿರುಚಿದರೆ ಬೆಚ್ಚಿ ಹಿಂದೆ ಸರಿದಾನು. ಸುಮ್ಮನಿದ್ದರೆ?

"ಬಾರೋ ಈಚೆಗೆ," ಎನ್ನುತ್ತೀರಿ, ದನಿ ತಗ್ಗಿಸಿ.

"ಒಂದೇ ಫೋಟೊ ಕಣೋ."

"ಮೊದಲು ಬಾ. ಆಮೇಲೆ ಹೇಳ್ತೀನಿ."

ಅವನು ಒಂದು ಹೆಜ್ಜೆ ಇಡುತ್ತಾನೆ. ಇನ್ನೊಂದು. ತೋಳು ಕೈಗೆ ಸಿಕ್ಕಿದ ಕೂಡಲೇ ಗಟ್ಟಿಯಾಗಿ ಹಿಡಿಯುತ್ತೀರಿ, ಅವನಿಗೆ ನೋಯುವಷ್ಟು. ಬೇಲಿಯೀಚೆ ಬಂದ ಮೇಲೆ ಹೇಳುತ್ತೀರಿ: ಈ ಕಮಾನು ಮೊದಲು ಎರಡು ಕಣ್ಣಿನ ಸೇತುವೆಯಂತೆ ದಡಕ್ಕೆ ಸೇರಿಕೊಂಡಿತ್ತು, ಲಂಡನ್ ಬ್ರಿಜ್ ಅಂತಲೇ ಕರೆಯುತ್ತಿದ್ದರು. 1990ರ ಜನವರಿ 15ರಂದು ಇಬ್ಬರು ಅದರ ಮೇಲೆ ನಡೆದು ಆಚೆ ತುದಿಗೆ ಹೋಗಿದ್ದರು. ದಡದ ಕಡೆಯ ಕಮಾನು ಕುಸಿದು ನೀರಿಗೆ ಬಿತ್ತು.

"ಆ ಇಬ್ಬರು?"

"ಅಲ್ಲೇ ಸಿಕ್ಕಿಬಿದ್ದರು. ಹೆಲಿಕಾಪ್ಟರ್ ಬಂದು ಎತ್ತಿಕೊಂಡು ಹೋಯಿತು. ನಡಿ, ಕತ್ತಲಾದರೆ ಕಾಂಗರೂ ರಸ್ತೆಗೆ ಇಳಿಯುತ್ತವೆ."