ಹಿಂಬಾಗಿಲ ದುಂಬಿ



ಎರಡು ವಾರದಿಂದ ನನ್ನ ಫೇಸ್‌ಬುಕ್ ತುಂಬ ಗುಲಾಬಿ ಬಣ್ಣದ ಮರಗಳ ಫೋಟೊ. ಟಬೂಬಿಯಾ ಅರಳಿತು, ಬೆಂಗಳೂರಿಗೆ ವಸಂತ ಬಂತು ಅಂತ. ಚೆಂದವೇ, ನಾನೂ ಲೈಕ್ ಒತ್ತಿದ್ದೀನಿ. ಆದರೆ ನಮ್ಮ ಮನೇಲಿ ಚಳಿ ಮುಗಿಯೋ ಲೆಕ್ಕ ಇಡೋದು ದುಂಬಿಯಿಂದ. ಶಿವರಾತ್ರಿ ಕಳೆದು ನಾಲ್ಕನೇ ದಿನ, ಆಫೀಸಿಗೆ ಹೋಗೋ ಹಾದಿಯಲ್ಲಿ, ಮಲ್ಲೇಶ್ವರದ ಒಂದು ಕನ್ಸರ್ವೆನ್ಸಿ ಗಲ್ಲಿಯಲ್ಲಿ ಈ ವರ್ಷದ ಮೊದಲ ಕರಿದುಂಬಿ ಕಂಡಿತು. ಗೋಡೆಯಾಚೆಯಿಂದ ಬಾಗಿದ ನುಗ್ಗೆಮರದ ಹೂವಿನಲ್ಲಿ ಗುಂಯ್ ಅಂತಿತ್ತು.

ನನ್ನ ಮಗಳು ಇದನ್ನ ಬಂಬಲ್‌ಬೀ ಅಂತಾಳೆ, ಇಂಗ್ಲಿಷ್ ಪಾಠದ ಪ್ರಭಾವ. ಬಂಬಲ್‌ಬೀ ಮೈತುಂಬ ರೋಮ ಇರೋ ಚಳಿ ಸೀಮೆಯ ಜೀವ, ನಮ್ಮ ದೇಶದಲ್ಲಿ ಹೆಚ್ಚಾಗಿ ಹಿಮಾಲಯದ ಕಡೆ ಇರುತ್ತೆ. ನಮ್ಮದು ಬಡಗಿ ದುಂಬಿ. ಹೆಬ್ಬೆರಳ ಗಾತ್ರ, ಇದ್ದಿಲಿನಂಥ ಮೈ, ಬಿಸಿಲು ಬಿದ್ದರೆ ರೆಕ್ಕೆಯಲ್ಲಿ ನೀಲಿ ಹಸಿರು ಹೊಳೆಯುತ್ತೆ. ಜೇನಿನ ಹಾಗೆ ಇದಕ್ಕೆ ದೊಡ್ಡ ಸಂಸಾರ ಇಲ್ಲ, ರಾಣಿ ಇಲ್ಲ. ಹೆಣ್ಣುದುಂಬಿ ಒಣಮರ ಅಥವಾ ಬಿದಿರು ಹುಡುಕಿ, ಬರೀ ದವಡೆಯಿಂದ ಕೊರೆದು ಸುರಂಗ ಮಾಡುತ್ತೆ. ಬೈರಿಗೆ ಹಾಕಿದಷ್ಟು ಗುಂಡನೆ ತೂತು. ಮರವನ್ನ ತಿನ್ನಲ್ಲ, ಹೊಟ್ಟನ್ನ ಹೊರಗೆ ಸುರಿಯುತ್ತೆ. ಒಳಗೆ ಒಂದು ಉಂಡೆ ಪರಾಗ, ಅದರ ಮೇಲೊಂದು ಮೊಟ್ಟೆ, ಮರದ ಹೊಟ್ಟಿನದೇ ಒಂದು ಅಡ್ಡಗೋಡೆ, ಆಮೇಲೆ ಮತ್ತೊಂದು ಉಂಡೆ. ಗಂಡಿಗೆ ಕೊಂಡಿಯೇ ಇಲ್ಲ. ಮುಖದ ಹತ್ತಿರ ಬಂದು ಹೆದರಿಸೋದು ಮಾತ್ರ ಅದೇ! ಚಳಿಗಾಲದಲ್ಲಿ ಇವು ಪೂರ್ತಿ ಮಾಯವಾಗಲ್ಲ, ಆದರೆ ಕಾಣೋದು ಕಡಿಮೆ. ನುಗ್ಗೆ ಹೂ ಬಿಟ್ಟು ಬಿಸಿಲು ಬಲಿತಾಗ ಹೊರಗೆ ಬರುತ್ತವೆ, ಆಮೇಲೆ ಹೊಂಗೆಗೆ ಹೋಗುತ್ತವೆ.

ಕನ್ಸರ್ವೆನ್ಸಿ ಗಲ್ಲಿ ಅಂದರೇನು ಅಂತ ಹೊಸಬರಿಗೆ ಹೇಳಬೇಕು. 1898ರಲ್ಲಿ ಪೇಟೆಗೆ ಪ್ಲೇಗ್ ಬಡಿಯಿತು. ಮಲ್ಲೇಶ್ವರ, ಬಸವನಗುಡಿ ಬೆಳೆದದ್ದು ಆ ಭಯದ ಕಾಲದಲ್ಲಿ. ಗಾಳಿ ಬೆಳಕು ಬೇಕು ಅಂತ ಅಗಲ ರಸ್ತೆ, ಮನೆ ಮುಂದೆ ಕೈತೋಟ. ಯಾವ ಭಾಗ ಯಾವ ಜಾತಿಗೆ ಅನ್ನೋದೂ ನಕ್ಷೆಯಲ್ಲೇ ಇತ್ತು. ಎರಡು ಸಾಲು ಮನೆಗಳ ಬೆನ್ನುಗಳ ನಡುವೆ ಒಂದು ಕಿರಿದಾದ ಸಂದಿ ಬಿಟ್ಟರು. ಯಾಕೆ? ಮನೆಯವರ ಮಲ ಎತ್ತೋರು ಮುಂದಿನ ರಸ್ತೆಯಲ್ಲಿ ಕಾಣಬಾರದು ಅಂತ. ಪ್ರತಿ ಕಕ್ಕಸಿನ ಹಿಂದೆ ಮೊಣಕಾಲೆತ್ತರದ ಒಂದು ಮರದ ಬಾಗಿಲು. ಅದನ್ನ ತೆಗೆದು, ಬಗ್ಗಿ, ಡಬ್ಬ ಎಳೆಯಬೇಕು.

ನಮ್ಮ ಅಜ್ಜಿ ಎಳೆದಿದ್ದಾಳೆ. ಶ್ರೀರಾಮಪುರದಿಂದ ಕತ್ತಲಲ್ಲೇ ನಡೆದು ಬರುತ್ತಿದ್ದಳು. ಕೆಲಸ ಆದ ಮೇಲೆ ಕೈಗೆ ನೀರು ಬೇಕಲ್ಲ, ನಲ್ಲಿ ಮುಟ್ಟೋ ಹಾಗಿಲ್ಲ. ಒಳಗಿನಿಂದ ಯಾರಾದರೂ ಎತ್ತರದಿಂದ ಸುರಿಯಬೇಕು. ಮಾಗಿ ಚಳಿಯಲ್ಲಿ ಆ ನೀರು ಬೆರಳಿನ ಮೂಳೆ ಕೊರೆಯುತ್ತಿತ್ತಂತೆ. "ನುಗ್ಗೆ ಹೂವಿಗೆ ಕರಿದುಂಬಿ ಬಂತು ಅಂದ್ರೆ ಇನ್ನು ನೀರು ಕಚ್ಚಕಿಲ್ಲ ಕಣಪ್ಪ" ಅನ್ನೋಳು. ಇದು ನಮ್ಮ ಮನೆಯ ವಸಂತಕಾಲ. ನಮ್ಮ ಮನೆಗೆ ಬಂದ ಪ್ರಕೃತಿ ಪಾಠವೂ ಇಷ್ಟೇ.

ಬಿಎಯಲ್ಲಿ ಕನ್ನಡ ಓದುವಾಗ ಪಂಪನ ಬನವಾಸಿ ಬಂತು. ಮುಂದೆ ಮರಿದುಂಬಿಯಾಗಿಯಾದರೂ ಆ ನಾಡಿನಲ್ಲಿ ಹುಟ್ಟಬೇಕು ಅನ್ನೋ ಆಸೆ. ಮೇಷ್ಟ್ರು ಕಣ್ಣು ತುಂಬಿಕೊಂಡು ಪಾಠ ಮಾಡಿದರು. ನನಗೂ ಇಷ್ಟವೇ, ಸುಳ್ಳು ಹೇಳಲ್ಲ. ಆದರೆ ಮುಂದಿನ ಜನ್ಮದ ಮಾತು ಬಂದರೆ ನಮ್ಮವರ ಕಿವಿ ನೆಟ್ಟಗಾಗುತ್ತೆ, ಹಿಂದಿನ ಜನ್ಮದ ಲೆಕ್ಕ ಹೇಳಿಯೇ ತಾನೆ ಕೈಗೆ ಡಬ್ಬ ಕೊಟ್ಟಿದ್ದು? ತಲೆ ಮೇಲೆ ಮಲ ಹೊರೋದನ್ನ ನಮ್ಮ ರಾಜ್ಯದಲ್ಲಿ ನಿಲ್ಲಿಸಿದ್ದು ದೇವರಾಜ ಅರಸು ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು. ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದದ್ದಕ್ಕೆ 1973ರಲ್ಲಿ ಮಂತ್ರಿಗಿರಿ ಕಳೆದುಕೊಂಡವರೂ ಅವರೇ. ಕೇಂದ್ರದ ಕಾನೂನು ಬರೋಕೆ 1993 ಆಯಿತು, ಮತ್ತೆ 2013ರಲ್ಲಿ ಇನ್ನೊಂದು. ಮ್ಯಾನ್‌ಹೋಲ್ ಸಾವು ಈಗಲೂ ನಿಂತಿಲ್ಲ, ಅದು ನಿಮಗೆಲ್ಲ ಗೊತ್ತಿರೋದೇ.

ದುಂಬಿಗೆ ಬರ್ತೀನಿ. ನುಗ್ಗೆ ಹೂವಿನಿಂದ ಹಾರಿದ್ದು ಹಿಂದಿನ ಗೋಡೆಗೆ ಹೋಯಿತು. ನೋಡಿದರೆ ಅಂಥದ್ದೇ ಒಂದು ಬಾಗಿಲು. ಹಲಗೆ ಎಂದೋ ಹೋಗಿ ಇಟ್ಟಿಗೆ ಮುಚ್ಚಿದ್ದಾರೆ, ಚೌಕಟ್ಟು ಮಾತ್ರ ಉಳಿದಿದೆ. ಮೇಲಿನ ಅಡ್ಡಪಟ್ಟಿಯ ಅಡಿಯಲ್ಲಿ ಮೂರು ತೂತು. ಒಂದರೊಳಗಿಂದ ಗರಗರ ಸದ್ದು, ಕೆಳಗೆ ಹಳದಿ ಹೊಟ್ಟಿನ ಗುಡ್ಡೆ.

ಪಕ್ಕದ ಕಲ್ಲಿನ ಮೇಲೆ ಒಬ್ಬರು ಪೌರಕಾರ್ಮಿಕ ಅಕ್ಕ ಬುತ್ತಿ ಬಿಚ್ಚಿ ಕೂತಿದ್ದರು. 2022ರ ಜುಲೈ ಮುಷ್ಕರದಲ್ಲಿ ಫ್ರೀಡಂ ಪಾರ್ಕಿಗೆ ಬಂದಿದ್ದವರು, ಮುಖಪರಿಚಯ ಇತ್ತು. ಕೂತು ತಿನ್ನೋಕೆ ಒಂದು ನೆರಳು, ಹೋಗೋಕೆ ಒಂದು ಶೌಚಾಲಯ, ಇಷ್ಟು ಇನ್ನೂ ಕೇಳುತ್ತಲೇ ಇದ್ದೀವಿ. "ಈ ಮನೆಯೋರು ಔಷಧಿ ಡಬ್ಬ ಕೊಟ್ಟು, ಆ ಹುಳಕ್ಕೆ ಹೊಡೆದುಬಿಡು ಅಂದ್ರು ಅಣ್ಣ. ಹುಳ ಹೊಡೆಯಕ್ಕೆ ನಂಗೇನು ಸಂಬಳ ಕೊಡ್ತಾರಾ? ಡಬ್ಬ ಅಲ್ಲೇ ಇಟ್ಟೆ" ಅಂದರು.

ನಾನು ಮುಂದಿನ ರಸ್ತೆಗೆ ಸುತ್ತಿ ಹೋಗಿ ಬೆಲ್ ಒತ್ತಿದೆ. ಎಂಬತ್ತು ದಾಟಿದ ಯಜಮಾನರು. ಹಿಂದಿನ ಗೋಡೆ ಒಡೆದು ಕಾರಿಗೆ ಗೇಟು ಇಡಿಸಬೇಕಂತೆ, ಮಗ ಹೇಳಿದ್ದಾನೆ. ಆ ಚೌಕಟ್ಟು ಯಾವುದು ಗೊತ್ತಾ ಸಾರ್ ಅಂತ ಕೇಳಿದೆ. ಸೌದೆ ಹಾಕೋ ಬಾಗಿಲು ಅಂತಾರೇನೋ ಅಂದುಕೊಂಡಿದ್ದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಗೊತ್ತಪ್ಪ. ಚಿಕ್ಕೋನಿದ್ದಾಗ ನೋಡಿದೀನಿ. ಆ ಕಡೆ ನೋಡಬೇಡ ಅಂತ ಅಮ್ಮ ಕೆನ್ನೆ ಹಿಡಿದು ತಿರುಗಿಸೋಳು" ಅಂದರು. ನಮ್ಮಜ್ಜಿ ಈ ಗಲ್ಲಿಗಳಲ್ಲೇ ಕೆಲಸ ಮಾಡಿದ್ದು ಅಂದೆ. ಒಳಗೆ ಬಾ ಅಂದರು. ಆಫೀಸಿಗೆ ಹೊತ್ತಾಗಿತ್ತು, ಹೋಗಲಿಲ್ಲ. ಹೊತ್ತಾಗದಿದ್ದರೂ ಹೋಗುತ್ತಿದ್ದೆನೋ ಇಲ್ಲವೋ.

ಆ ಬಾಗಿಲು ಉಳಿಸಿ ಅಂತ ನಾನು ಯಾಕೆ ಬೇಡಲಿ? ಊರಿನ ಅಂಥ ಬಾಗಿಲೆಲ್ಲ ಸುಟ್ಟುಹೋಗಲಿ ಅಂತ ಬಯಸಿದ ಮನೆಯವನು ನಾನು. ಈಚೆಗೆ ಕೆಲವು ಗಲ್ಲಿಗಳಿಗೆ ಬಣ್ಣ ಬಳಿದು ಚಿತ್ರ ಬಿಡಿಸಿದ್ದಾರೆ, ಅಲ್ಲಿ ಯಾರು ನಡೀತಿದ್ದರು ಅಂತ ಒಂದು ಸಾಲು ಬೋರ್ಡನ್ನ ನಾನು ನೋಡಿಲ್ಲ. ಹಾಗಂತ ಈ ಕೊಳೆತ ಚೌಕಟ್ಟನ್ನೇ ಸ್ಮಾರಕ ಮಾಡಿ ಅನ್ನೋಕೂ ಮನಸ್ಸಿಲ್ಲ. ನಾನು ಕೇಳಿದ್ದು ಒಂದೇ. ಔಷಧಿ ಬೇಡ, ಒಳಗಿನ ಮರಿಗಳು ಹೊರಗೆ ಬರಲಿ, ಒಂದೆರಡು ತಿಂಗಳು ಬಿಡಿ. ಆಮೇಲೆ ತೆಗೆಯಿರಿ. ತೆಗೆಯೋ ಕೆಲಸ ಮಾತ್ರ ಆ ಅಕ್ಕನಿಗೆ ಹೇಳಬೇಡಿ, ಕೂಲಿ ಕೊಟ್ಟು ಬಡಗಿಯನ್ನ ಕರೆಸಿ. ಯಜಮಾನರು ಯುಗಾದಿ ಕಳೆದು ಒಂದು ತಿಂಗಳವರೆಗೆ ಅಂತ ಒಪ್ಪಿದರು. ಮಗನ ವಿಷಯ ಗೊತ್ತಿಲ್ಲ.

ಮಾರನೆಯ ದಿನ ಹೋದಾಗ ಅಕ್ಕ ಅಲ್ಲೇ ಕೂತಿದ್ದರು. ಹೊಟ್ಟು ಬುತ್ತಿಗೆ ಬೀಳುತ್ತೆ ಅಂತ ಕಲ್ಲನ್ನ ಎರಡು ಮೊಳ ಆಚೆ ಸರಿಸಿಕೊಂಡಿದ್ದರು.

ಚೌಕಟ್ಟು ತೆಗೆಯೋ ದಿನ ನಾನು ಅಲ್ಲಿರಬೇಕು. ಸಿ.ಎಲ್. ಅರ್ಜಿ ಈಗಲೇ ಬರೆದಿಟ್ಟಿದ್ದೀನಿ, ದಿನಾಂಕ ಖಾಲಿ. ಕಾರಣದ ಜಾಗದಲ್ಲಿ "ಸ್ವಂತ ಕೆಲಸದ ನಿಮಿತ್ತ" ಅಂತ ಹಾಕಿದ್ದೀನಿ.