ನಿಂತಲ್ಲಿಯೇ ಪಯಣ

ಕುರುಗೋಡಿನಲ್ಲಿದ್ದುಕೊಂಡು ಸಿರುಗುಪ್ಪ ಸೀಮೆಯ ಹಳ್ಳಿಗಳಿಗೆ ಸೈಕಲ್ ತುಳಿದು ಪಾಠ ಹೇಳಿದ ಉಪಾಧ್ಯಾಯರೊಬ್ಬರು ನಿವೃತ್ತಿಯ ತರುವಾಯ ಬಳ್ಳಾರಿಯಲ್ಲಿ ಮಗನ ಮನೆಯನ್ನು ಸೇರಿದರು. ದೃಷ್ಟಿ ಮಂದವಾಗಿತ್ತು. ಲಾರಿಗಳು ತುಂಬಿದ ರಸ್ತೆಗೆ ಇಳಿಯಕೂಡದೆಂದು ಮನೆಯವರು ತಡೆದರು. ಸೈಕಲ್ಲು ಗೋಡೆಗೆ ಒರಗಿತು. ಅವರ ಉತ್ಸಾಹವೂ ಉಡುಗಿತು.

ಇದನ್ನು ಕಂಡ ಮೊಮ್ಮಗಳು ಮನೆಯೊಳಗೇ ಸೈಕಲ್ ತುಳಿಯಲು ಅನುಕೂಲವಾದ ‘ಟ್ರೈನರ್’ ಎಂಬ ಉಕ್ಕಿನ ಚೌಕಟ್ಟನ್ನು ತರಿಸಿದಳು. ಅದು ಹಿಂದಿನ ಗಾಲಿಯ ಇರುಸನ್ನು ಎರಡೂ ಕಡೆ ಹಿಡಿದು ಗಾಲಿಯನ್ನು ನೆಲದಿಂದ ಎತ್ತುತ್ತದೆ. ಟೈರಿಗೆ ಒತ್ತಿನಿಂತ ರೋಲರು ತುಳಿತಕ್ಕೆ ಭಾರವನ್ನೊಡ್ಡುತ್ತದೆ. ಗುರುಗಳು ಯಾರನ್ನೂ ಕೇಳದೆ ತಾವೇ ಜೋಡಿಸಿದರು. ರೋಲರನ್ನು ಅತಿಯಾಗಿ ಬಿಗಿದರು. ಸೀಟನ್ನು ಹಳೆಯ ರೂಢಿಯಂತೆ ತಗ್ಗಿನಲ್ಲಿಯೇ ಬಿಟ್ಟರು. ಮೂರೇ ದಿನಗಳಲ್ಲಿ ಮೊಣಕಾಲು ನೊಂದಿತು.

“ತಾತ, ರಸ್ತ್ಯಾಗ ಇಳಿಜಾರು ಬಂದ್ರ ಕಾಲಿಗೆ ಬಿಡುವು ಸಿಗ್ತೈತಿ, ಇಲ್ಲಿ ಸಿಗಂಗಿಲ್ಲ. ಅಳತಿ ಸರಿ ಇರಬೇಕ್ರಿ” ಎಂದಳು ಮೊಮ್ಮಗಳು. ಪೆಡಲು ಕೆಳಗಿದ್ದಾಗ ಅದರ ಮೇಲಿಟ್ಟ ಹಿಮ್ಮಡಿಗೆ ಕಾಲು ನೇರವಾಗುವಷ್ಟು ಸೀಟನ್ನು ಏರಿಸಿದಳು. ಟೈರಿಗೆ ಗಾಳಿ ತುಂಬಿ, ಜಾರದಿರುವಷ್ಟೇ ರೋಲರನ್ನು ಒತ್ತಿದಳು. ಮುಂದಿನ ಗಾಲಿಯ ಕೆಳಗೆ ಮಣೆಯಿಟ್ಟು ಸೈಕಲ್ಲನ್ನು ಸಮಮಾಡಿದಳು. ಓಡುವ ಸೈಕಲ್ಲಿಗೆ ಗಾಳಿ ತಾನೇ ಎದುರಾಗುತ್ತದೆ. ನಿಂತ ಸೈಕಲ್ಲಿಗೆ, ಅದೂ ಬಳ್ಳಾರಿಯ ಬೇಸಿಗೆಯಲ್ಲಿ, ಫ್ಯಾನೇ ಗತಿ.

ಮೊಣಕಾಲಿನ ನೋವು ಇಳಿಯಿತು. ಕಣ್ಣು ಮುಚ್ಚಿ ತುಳಿದರೆ ಸಿರುಗುಪ್ಪದ ಬತ್ತದ ಗದ್ದೆಗಳು ಇಕ್ಕೆಲದಲ್ಲಿ ಸರಿಯುತ್ತವೆ. ಸಾವಿರಾರು ಮಕ್ಕಳ ತಪ್ಪು ತಿದ್ದಿದ ಆ ಹಿರಿಯರು ಈಗ ಪ್ರತಿನಿತ್ಯ ಸೀಟನ್ನೇರಿ, “ಸರಿಯಾಯಿತೇನವ್ವಾ?” ಎಂದು ಕೇಳಿಯೇ ತುಳಿಯಲಾರಂಭಿಸುತ್ತಾರೆ. ಕಲಿಸಿದವರಿಗೆ ಕಲಿಯುವ ವಿನಯವೂ ಉಳಿದಿದ್ದರೆ ವೃದ್ಧಾಪ್ಯವು ಭಾರವಾಗದು.